ಶಾರ್ಕ್ ಸಂತತಿ: ರೆಕ್ಕೆ ನಿಷೇಧ ಬಂತು, ಸಾವು ನಿಲ್ಲಲಿಲ್ಲ

ಶಾರ್ಕ್ ಮೀನಿನ ರೆಕ್ಕೆಗಳನ್ನು ಕತ್ತರಿಸಿಕೊಂಡು, ಇನ್ನೂ ಜೀವವಿರುವ ಒಡಲನ್ನು ಕಡಲಿಗೆ ಎಸೆಯುವ ಪದ್ಧತಿಯ ವಿರುದ್ಧ ಕಳೆದ ಎರಡು ದಶಕಗಳಲ್ಲಿ ಅನೇಕ ದೇಶಗಳು ಕಾನೂನು ಮಾಡಿವೆ. ಹಿಡಿದ ಶಾರ್ಕನ್ನು ರೆಕ್ಕೆ ಸಮೇತ ಇಡಿಯಾಗಿ ದಡಕ್ಕೆ ತರಬೇಕೆಂದು ಭಾರತ 2013ರಲ್ಲಿ ನಿಯಮ ಮಾಡಿತು. 2015ರ ಫೆಬ್ರುವರಿಯಲ್ಲಿ ರೆಕ್ಕೆಯ ರಫ್ತನ್ನೇ ನಿಷೇಧಿಸಿತು. ಜೀವದಯೆಯ ದೃಷ್ಟಿಯಿಂದ ಇವು ಸ್ವಾಗತಾರ್ಹ ಕ್ರಮಗಳೇ. ಆದರೆ ಇದರಿಂದ ಶಾರ್ಕ್‌ಗಳು ಉಳಿದವೇ?

ಇಲ್ಲ ಎನ್ನುತ್ತದೆ 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ. 2012ರಲ್ಲಿ ಮೀನುಗಾರಿಕೆಯಿಂದ ಸತ್ತ ಶಾರ್ಕ್‌ಗಳು ಸುಮಾರು 7.6 ಕೋಟಿ, 2019ರ ಹೊತ್ತಿಗೆ ಅದು 8 ಕೋಟಿ ದಾಟಿತ್ತು. ಅವುಗಳಲ್ಲಿ ಸುಮಾರು 2.5 ಕೋಟಿ ಅಳಿವಿನಂಚಿನ ಜಾತಿಗಳವು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಇಡೀ ಮೀನನ್ನು ದಡಕ್ಕೆ ತರಲೇಬೇಕೆಂದಾಗ, ತಂದ ಮಾಂಸಕ್ಕೆ ಮಾರುಕಟ್ಟೆ ಬೆಳೆಯಿತು. ಕಾನೂನು ಕ್ರೌರ್ಯದ ಒಂದು ರೀತಿಯನ್ನು ತಡೆಯಿತು, ಕೊಲ್ಲುವುದನ್ನಲ್ಲ.

ಬಂಗುಡೆ, ಬೂತಾಯಿಗಳಿಗೆ ಹಾಕುವ ಲೆಕ್ಕ ಶಾರ್ಕ್‌ಗೆ ಹೊಂದುವುದಿಲ್ಲ ಎಂಬುದು ಇಲ್ಲಿನ ಮುಖ್ಯ ಸಂಗತಿ. ಅವು ಸಾವಿರಗಟ್ಟಲೆ ಮೊಟ್ಟೆಯಿಡುತ್ತವೆ, ಬೇಗ ಬೆಳೆಯುತ್ತವೆ. ಹೆಚ್ಚಿನ ಶಾರ್ಕ್‌ಗಳು ಹಾಕುವುದು ಕೆಲವೇ ಮರಿ, ಅದೂ ತಡವಾಗಿ. ಉತ್ತರ ಅಟ್ಲಾಂಟಿಕ್‌ನ ಮಾಕೋ ಶಾರ್ಕ್ ಇದಕ್ಕೆ ಕಣ್ಣೆದುರಿನ ನಿದರ್ಶನ. ಇದರ ಹೆಣ್ಣು ಪ್ರಾಯಕ್ಕೆ ಬರಲು ಸುಮಾರು ಹದಿನೆಂಟು ವರ್ಷ ಬೇಕು. ಬಲೆ-ಗಾಳಗಳಿಗೆ ಸಿಗುವುದು ಬಹುತೇಕ ಅದಕ್ಕಿಂತ ಎಳೆಯವು. ಆದ್ದರಿಂದ ಇಂದು ಹಿಡಿಯುವುದನ್ನು ನಿಲ್ಲಿಸಿದರೂ ತಾಯಿಮೀನುಗಳ ಸಂಖ್ಯೆ ಇನ್ನೂ ಹಲವು ವರ್ಷ ಕುಸಿಯುತ್ತಲೇ ಇರುತ್ತದೆ. 2035ರವರೆಗೂ ಕುಸಿತ ತಪ್ಪದು ಎಂದು 2019ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದ್ದರು. ಟ್ಯೂನಾ ಮೀನುಗಾರಿಕೆಯನ್ನು ನಿಯಂತ್ರಿಸುವ ಅಟ್ಲಾಂಟಿಕ್ ಆಯೋಗ ಈ ಶಾರ್ಕನ್ನು ಇಟ್ಟುಕೊಳ್ಳಬಾರದೆಂದು ಒಪ್ಪಿದ್ದು 2021ರ ಕೊನೆಯಲ್ಲಿ. ಚೇತರಿಕೆಗೆ ಇಟ್ಟ ಗುರಿ 2070! ಈಗ ಮಕ್ಕಳಾಗಿರುವವರು ಅಷ್ಟರಲ್ಲಿ ಅಜ್ಜ-ಅಜ್ಜಿಯರಾಗಿರುತ್ತಾರೆ.

ಈ ಅಂದಾಜಿಗೂ ಆಧಾರ ಬೇಕು. ಟ್ಯೂನಾಕ್ಕೆಂದು ಹಾಕಿದ ಗಾಳಕ್ಕೆ ಸಿಕ್ಕಿ, ಸತ್ತು, ನೀರಿಗೆ ಎಸೆಯಲ್ಪಟ್ಟ ಶಾರ್ಕ್ ಯಾವ ದಾಖಲೆಗೂ ಸೇರುವುದಿಲ್ಲ. ನಮ್ಮ ಕರಾವಳಿಯಲ್ಲೂ ಟ್ರಾಲ್ ಬಲೆಗೆ ಬೇರೆ ಮೀನಿನ ಜೊತೆ ಬರುವ ಎಳೆಯ ಶಾರ್ಕ್‌ಗಳಿಗೆ ಬಂದರಿನಲ್ಲಿ 'ತಾಟೆ' ಎಂಬ ಒಂದೇ ಹೆಸರು. ಯಾವ ಜಾತಿಯದು ಎಂದು ಬಿಡಿಸಿ ಬರೆಯದೆ ಯಾವುದು ಅಳಿಯುತ್ತಿದೆ ಎಂದು ತಿಳಿಯುವುದು ಹೇಗೆ? ಶ್ರಾವಕಾಚಾರದ ಮಾತಿನಲ್ಲಿ ಹೇಳುವುದಾದರೆ ಇದು ಸಂಕಲ್ಪೀ ಹಿಂಸೆಯಲ್ಲದಿರಬಹುದು, ಪ್ರಮಾದವಂತೂ ಹೌದು.

ಹಾಗಾದರೆ ಸಂಪೂರ್ಣ ನಿಷೇಧವೇ ದಾರಿಯೇ? ಭಾರತ ಅದನ್ನೂ ಮಾಡಿ ನೋಡಿದೆ. 2001ರ ಜುಲೈನಲ್ಲಿ ಎಲ್ಲ ಶಾರ್ಕ್ ಮತ್ತು ತೊರಕೆಗಳನ್ನು ವನ್ಯಜೀವಿ ಕಾಯ್ದೆಯಡಿ ತರಲಾಯಿತು. ಮೀನುಗಾರರ ವಿರೋಧ ಬಂದ ಮೇಲೆ ಡಿಸೆಂಬರಿನಲ್ಲೇ ಆ ಪಟ್ಟಿ 10 ಜಾತಿಗಳಿಗೆ ಇಳಿಯಿತು. ಕಾಯ್ದೆಗೆ ತಂದ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಇನ್ನಷ್ಟು ಜಾತಿಗಳಿಗೆ ರಕ್ಷಣೆ ಸಿಕ್ಕಿದೆ. ಬಲೆ ಎಳೆಯುವವನ ಒಪ್ಪಿಗೆಯಿಲ್ಲದೆ ಇಂಥ ಪಟ್ಟಿ ಕಡಲಿನಲ್ಲಿ ನಡೆಯುವುದು ಕಷ್ಟ.

ಆ ಒಪ್ಪಿಗೆ ಸಿಕ್ಕ ಉದಾಹರಣೆ ಗುಜರಾತಿನಲ್ಲಿದೆ. ಸೌರಾಷ್ಟ್ರದ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕನ್ನು ಮೊದಲು ದೋಣಿಗೆ ಬಳಿಯುವ ಯಕೃತ್ತಿನ ಎಣ್ಣೆಗಾಗಿ, ಆಮೇಲೆ ರಫ್ತಾಗುವ ಮಾಂಸಕ್ಕಾಗಿ ಕೊಲ್ಲಲಾಗುತ್ತಿತ್ತು. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ರಾಜ್ಯದ ಅರಣ್ಯ ಇಲಾಖೆ ಮತ್ತು ಟಾಟಾ ಕೆಮಿಕಲ್ಸ್ ಸೇರಿ ಅಭಿಯಾನ ಆರಂಭಿಸಿದವು. ಕಥಾವಾಚಕ ಮೊರಾರಿ ಬಾಪು ಆ ಮೀನನ್ನು ಹೆರಿಗೆಗೆಂದು ತವರಿಗೆ ಬರುವ ಮಗಳಿಗೆ ಹೋಲಿಸಿದರು. 'ವಹಾಲಿ', ಅಂದರೆ ಮುದ್ದಿನವಳು, ಎಂಬ ಹೆಸರು ಬಂತು. ಮಾತು ಮನಸ್ಸಿಗೆ ನಾಟಿತು, ಆದರೆ ಮಾತೊಂದೇ ಸಾಕಾಗಲಿಲ್ಲ. ಶಾರ್ಕನ್ನು ಬಿಡಿಸಲು ಕತ್ತರಿಸಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಟ್ಟಿತು. ಅಲ್ಲಿಂದೀಚೆಗೆ 700ಕ್ಕೂ ಹೆಚ್ಚು ತಿಮಿಂಗಿಲ ಶಾರ್ಕ್‌ಗಳು ಜೀವಂತ ಕಡಲಿಗೆ ಮರಳಿವೆ.

ಮೀನು ಮುಟ್ಟದ ಮನೆಗಳಿಗೂ ಈ ವಿಷಯ ದೂರದ್ದಲ್ಲ. ಮುಖಕ್ಕೆ ಹಚ್ಚುವ ಕ್ರೀಮ್‌ಗಳಲ್ಲಿರುವ ಸ್ಕ್ವಾಲೀನ್ ಆಳಸಮುದ್ರದ ಶಾರ್ಕ್‌ಗಳ ಯಕೃತ್ತಿನಿಂದಲೂ ಬರುತ್ತದೆ, ಆಲಿವ್‌ನಂಥ ಸಸ್ಯಮೂಲದಿಂದಲೂ ಬರುತ್ತದೆ. ಕೀಲುನೋವಿನ ಮಾತ್ರೆಗಳ ಕಾಂಡ್ರಾಯ್ಟಿನ್‌ಗೆ ಶಾರ್ಕ್ ಅಥವಾ ದನದ ಮೃದ್ವಸ್ಥಿ ಮೂಲವಾಗಿರಬಹುದು. ಜಿಲೆಟಿನ್ ಇದೆಯೇ ಎಂದು ಲೇಬಲ್ ತಿರುಗಿಸಿ ನೋಡುವವರು ಈ ಎರಡು ಹೆಸರುಗಳನ್ನೂ ನೋಡಬೇಕು. ಮೂಲ ಬರೆದಿಲ್ಲದಿದ್ದರೆ ತಯಾರಕರಿಗೆ ಪತ್ರ ಬರೆದು ಕೇಳಬಹುದು.