ಸರಕಾರಿ ಗೊಬ್ಬರ, ಸರಕಾರಿ ಅಕ್ಕಿ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಯೂರಿಯಾ, ಡಿಎಪಿಗಳಿಗೆ ಇರುವ ಹೆಸರು ‘ಸರಕಾರಿ ಗೊಬ್ಬರ’. ತಿಪ್ಪೆಯದು ಮನೆಯದು, ಚೀಲದ್ದು ಸರಕಾರದ್ದು. ಸಾವಯವ ಕೃಷಿಯ ಬಗ್ಗೆ ಪುಟಗಟ್ಟಲೆ ಬರೆದವರಿಗೂ ಹೊಳೆಯದ ಸತ್ಯವೊಂದು ಈ ಎರಡು ಪದಗಳಲ್ಲಿದೆ. ಸಣ್ಣ ರೈತ ರಾಸಾಯನಿಕದತ್ತ ಹೋದದ್ದು ಅಜ್ಞಾನದಿಂದಲ್ಲ, ಆಸೆಬುರುಕತನದಿಂದಲೂ ಅಲ್ಲ; ಸರಕಾರ ಆ ದಾರಿಗೆ ಡಾಂಬರು ಹಾಕಿತ್ತು, ಅಷ್ಟೇ. ರಾಯಚೂರು ದಾಟಿ ಕೃಷ್ಣಾ, ಮಾಗನೂರು, ಮಕ್ತಲ್ ಹಾದು ತೆಲಂಗಾಣದ ನಾರಾಯಣಪೇಟೆಗೆ ಹೋಗುವ ನಾಡಿನಲ್ಲಿ, ಇತ್ತ ಕೃಷ್ಣಾ–ತುಂಗಭದ್ರೆಯರ ನಡುವಿನ ಗದ್ವಾಲಿನ ನಡಿಗಡ್ಡದಲ್ಲಿ, ಇದನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಹೊಲಕ್ಕೆ ಹಾಕುವುದು ಸರಕಾರದ್ದು; ತಟ್ಟೆಗೆ ಬೀಳುವ ರೇಷನ್ ಅಕ್ಕಿಯೂ ಸರಕಾರದ್ದು. ನಡುವೆ ರೈತನ ಇಷ್ಟಕ್ಕೆ ಉಳಿದಿರುವ ಜಾಗ ಬಹಳ ಕಿರಿದು. ಆದ್ದರಿಂದ ಈ ಭಾಗದಲ್ಲಿ ಸಾವಯವದ ಬಾಗಿಲು ತೆರೆಯುವುದಿದ್ದರೆ ಅದು ಕೃಷಿ ಇಲಾಖೆಯ ಕಚೇರಿಯಲ್ಲಲ್ಲ, ರೇಷನ್ ಅಂಗಡಿಯಲ್ಲಿ.

ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯವು. ಕೊಡಂಗಲ್, ತಾಂಡೂರು ಗುಲ್ಬರ್ಗದವು. ಗಡಿ ಸರಿಯಿತು, ಮಣ್ಣು ಸರಿಯಲಿಲ್ಲ. ಎರೆ ಹೊಲದಲ್ಲಿ ಹಿಂಗಾರಿ ಜೋಳ, ಮಸಾರಿಯಲ್ಲಿ ತೊಗರಿ, ನವಣೆ, ಸಜ್ಜೆ ಎಂಬ ಬೆಳೆಪದ್ಧತಿ ಎರಡೂ ಕಡೆ ಒಂದೇ ಆಗಿತ್ತು. ಹಿಂಗಾರಿ ಜೋಳವಂತೂ ಮಣ್ಣಿನಲ್ಲಿ ಉಳಿದ ತೇವವನ್ನೂ ಚಳಿಗಾಲದ ಇಬ್ಬನಿಯನ್ನೂ ನೆಚ್ಚಿಕೊಂಡು ಬರುವ ಬೆಳೆ. ಯಾವ ಪ್ರಮಾಣಪತ್ರವೂ ಇಲ್ಲದೆ ಅದು ಮುಕ್ಕಾಲು ಪಾಲು ಸಾವಯವ. ತೊಗರಿ ತನ್ನ ಸಾರಜನಕವನ್ನು ತಾನೇ ಗಳಿಸಿಕೊಂಡು, ಎಲೆ ಉದುರಿಸಿ ಹೊಲಕ್ಕೂ ಒಂದಿಷ್ಟು ಬಿಟ್ಟುಹೋಗುತ್ತದೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಪುಕ್ಕಟೆಯಾಗಿ ಅಲ್ಲ. ಆಮೇಲೆ ಜುರಾಲಾ ಅಣೆಕಟ್ಟು ಬಂತು, ನೆಟ್ಟೆಂಪಾಡು ಏತ ನೀರಾವರಿ ಬಂತು, ಭೀಮಾ ಏತ ನೀರಾವರಿಯಿಂದ ಮಕ್ತಲ್ ಸುತ್ತ ಸಂಗಂಬಂಡ, ಭೂತ್ಪುರ ಜಲಾಶಯಗಳು ತುಂಬಿದವು. ನೀರು ಬಂದದ್ದು ತಪ್ಪೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ‘ಪಾಲಮೂರು ಲೇಬರ್’ ಎಂಬ ಹೆಸರು ಹೊತ್ತು ಮುಂಬೈ, ಪುಣೆಗಳಲ್ಲಿ ಮಣ್ಣು ಹೊತ್ತ ಹಳೆಯ ಮಹಬೂಬ್‌ನಗರ ಜಿಲ್ಲೆ ಇದು. ಕಾಲುವೆ ಕೆಳಗಿನ ಗದ್ದೆಯಲ್ಲಿ ಭತ್ತ ಬೆಳೆಯುವವರಿಗೆ ಜೋಳದ ಉಪದೇಶ ಮಾಡುವುದು ಈ ಲೇಖನದ ಉದ್ದೇಶವಲ್ಲ. ಪ್ರಶ್ನೆ ಇರುವುದು ನೀರು ಇನ್ನೂ ತಲುಪದ, ಬಹುಶಃ ತಲುಪದೆಯೇ ಉಳಿಯುವ ಒಣ ಹೊಲದ್ದು. ಅಲ್ಲಿ ಈಗ ಜೋಳದ ಜಾಗದಲ್ಲಿ ನಿಂತಿರುವುದು ಹತ್ತಿ.

ಲೆಕ್ಕವನ್ನೇ ನೋಡೋಣ. 2025–26ರ ಬೆಂಬಲ ಬೆಲೆಯಲ್ಲಿ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ, ಮಾಲ್ದಂಡಿ ಜೋಳಕ್ಕೆ 3,749, ತೊಗರಿಗೆ 8,000. ಕಾಗದದ ಮೇಲೆ ಜೋಳವೇ ದೊಡ್ಡಣ್ಣ. ಆದರೆ ಭತ್ತಕ್ಕೆ ಖರೀದಿ ಕೇಂದ್ರವಿದೆ, ಅದರ ಅಕ್ಕಿಗೆ ಗೋದಾಮಿದೆ, ಸಣ್ಣಕ್ಕಿ ತಳಿಯಾದರೆ ತೆಲಂಗಾಣ ಸರಕಾರದ 500 ರೂಪಾಯಿ ಬೋನಸ್ಸೂ ಇದೆ. ಪಂಪ್‌ಸೆಟ್ಟಿಗೆ 2018ರಿಂದ 24 ಗಂಟೆ ಉಚಿತ ವಿದ್ಯುತ್ತು. 45 ಕೆ.ಜಿ. ಯೂರಿಯಾ ಚೀಲ 266 ರೂಪಾಯಿ ಚಿಲ್ಲರೆ. ಬೆಳೆದದ್ದು ತಿರುಗಿ 2025ರ ಏಪ್ರಿಲ್‌ನಿಂದ ತಲೆಗೆ 6 ಕೆ.ಜಿ. ಉಚಿತ ಸಣ್ಣಕ್ಕಿಯಾಗಿ ಮನೆಗೆ ಬರುತ್ತದೆ. ಜೋಳಕ್ಕೆ ಇರುವುದು ಬೆಲೆ ಮಾತ್ರ, ಅದನ್ನು ಪ್ರತಿವರ್ಷ ತಪ್ಪದೆ ಕೊಳ್ಳುವ ಕೈ ಇಲ್ಲ. ಇನ್ನು ಸಾವಯವಕ್ಕೆ ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆ ಕೊಡುವುದು ಮೂರು ವರ್ಷಕ್ಕೆ ಹೆಕ್ಟೇರಿಗೆ 31,500 ರೂಪಾಯಿ. ಅದರಲ್ಲಿ ರೈತನ ಕೈಗೆ ನೇರ ಬರುವುದು 15,000. ವರ್ಷಕ್ಕೆ, ಎಕರೆಗೆ ಭಾಗಿಸಿದರೆ ಸುಮಾರು 2,000. ಎಕರೆಗೆ 20 ಕ್ವಿಂಟಲ್ ಸಣ್ಣ ಭತ್ತ ಬೆಳೆದವರಿಗೆ ಬೋನಸ್ ಒಂದರಿಂದಲೇ ಸಿಗುವುದು ಹಂಗಾಮಿಗೆ 10,000. ಸರಕಾರದ ಒಂದು ಕೈ ಸಾವಯವಕ್ಕೆ ಬಾ ಎಂದು ಕರೆಯುತ್ತಿದೆ, ಇನ್ನೊಂದು ಕೈ ಅದಕ್ಕಿಂತ ಐದು ಪಟ್ಟು ಜೋರಾಗಿ ಬೇರೆ ಕಡೆ ಎಳೆಯುತ್ತಿದೆ. 2025ರ ಮುಂಗಾರಿನಲ್ಲಿ ತೆಲಂಗಾಣದ ಊರೂರುಗಳಲ್ಲಿ ರೈತರು ಯೂರಿಯಾಕ್ಕಾಗಿ ಚಪ್ಪಲಿಗಳನ್ನು ಸಾಲಿಗಿಟ್ಟು ಕಾದರು. ಅದನ್ನು ನೋಡಿ ರೈತನಿಗೆ ರಾಸಾಯನಿಕದ ಚಟ ಎಂದವರಿದ್ದಾರೆ. ಎಲ್ಲ ಪ್ರೋತ್ಸಾಹವನ್ನೂ ಒಂದೇ ಚೀಲಕ್ಕೆ ಕಟ್ಟಿಟ್ಟ ಮೇಲೆ ಆ ಚೀಲ ಬಾರದ ದಿನ ಇನ್ನೇನಾಗಬೇಕು?

ಗದ್ವಾಲಿನ ಕಥೆ ಇನ್ನಷ್ಟು ಬಿಗಿ. ನಡಿಗಡ್ಡ ಹತ್ತಿ ಬೀಜೋತ್ಪಾದನೆಯ ದೊಡ್ಡ ಕೇಂದ್ರ. ಕಂಪನಿ ಗಂಡು–ಹೆಣ್ಣು ಸಾಲುಗಳ ಬೀಜ ಕೊಡುತ್ತದೆ; ಆರ್ಗನೈಸರ್ ಎಂಬ ಮಧ್ಯವರ್ತಿ ಮುಂಗಡ ಕೊಡುತ್ತಾನೆ; ರೈತ ಕುಟುಂಬ ಹೂವು ಹೂವಿಗೂ ಕೈಯಿಂದಲೇ ಪರಾಗ ಸವರುತ್ತದೆ. ಬೀಜ ಪರೀಕ್ಷೆಯಲ್ಲಿ ‘ಫೇಲ್’ ಆದರೆ ನಷ್ಟ ಹೊಲದವನದು. ಇಷ್ಟಿದ್ದರೂ ಜನ ಅದನ್ನು ಬಿಡುವುದಿಲ್ಲ. ಬಿತ್ತುವ ಮೊದಲೇ ಕೊಳ್ಳುವವನು ಗೊತ್ತಿರುತ್ತಾನೆ, ಖರ್ಚಿಗೆ ದುಡ್ಡೂ ಬರುತ್ತದೆ ಎಂಬುದೇ ಕಾರಣ. ಇಲ್ಲಿ ಕುಲಾಂತರಿ ತಳಿಯ ಬೀಜವೇ ಬೆಳೆಯುವುದರಿಂದ, ಕುಲಾಂತರಿಯನ್ನು ಒಪ್ಪದ ಸಾವಯವ ಪ್ರಮಾಣೀಕರಣ ಹತ್ತಿಯ ಮಟ್ಟಿಗೆ ಹತ್ತಿರವೂ ಸುಳಿಯಲಾರದು. ಆದರೆ ಇದರಲ್ಲೊಂದು ಪಾಠವಿದೆ: ಎರಡೆಕರೆಯ ಕುಟುಂಬ ಇಷ್ಟು ಸೂಕ್ಷ್ಮವಾದ, ಬೆನ್ನು ಮುರಿಯುವ ಕೆಲಸವನ್ನು ಕಲಿತು, ಗುಣಮಟ್ಟ ಕಾಯ್ದುಕೊಂಡು ಮಾಡಬಲ್ಲದು. ‘ಸಾವಯವಕ್ಕೆ ಬೇಕಾದ ಶಿಸ್ತು ನಮ್ಮ ರೈತರಿಗಿಲ್ಲ’ ಎನ್ನುವವರು ಒಮ್ಮೆ ಹತ್ತಿಯ ಹೂಬಿಡುವ ಕಾಲದಲ್ಲಿ ಗದ್ವಾಲಿಗೆ ಬಂದು ನೋಡಲಿ. ಕೊರತೆ ಶಿಸ್ತಿನದಲ್ಲ, ಖಾತರಿ ಖರೀದಿಯದು.

ಸಾವಯವ ಎಂದೊಡನೆ ಶ್ರೀಲಂಕಾದ ಹೆಸರು ಬರುತ್ತದೆ. 2021ರಲ್ಲಿ ಅಲ್ಲಿನ ಸರಕಾರ ರಾಸಾಯನಿಕ ಗೊಬ್ಬರದ ಆಮದನ್ನು ರಾತ್ರೋರಾತ್ರಿ ನಿಷೇಧಿಸಿತು, ಭತ್ತ ಕುಸಿಯಿತು, ಅದೇ ನವೆಂಬರ್‌ನಲ್ಲಿ ಆಜ್ಞೆ ಹಿಂದೆಗೆಯಿತು. ಈ ಆಕ್ಷೇಪ ಹಗುರವಾದದ್ದಲ್ಲ. ಹೆಚ್ಚು ಗೊಬ್ಬರ ಉಣ್ಣಲೆಂದೇ ರೂಪಿಸಿದ ತಳಿಗಳಿಂದ ಗೊಬ್ಬರವನ್ನು ಒಮ್ಮೆಲೇ ಕಿತ್ತುಕೊಂಡರೆ ಇಳುವರಿ ಬಿದ್ದೇ ಬೀಳುತ್ತದೆ. ಜೀವಾಮೃತದ ಮೇಲಿನ ಭಕ್ತಿ ಅದನ್ನು ತಡೆಯದು. ಆದರೆ ಶ್ರೀಲಂಕಾ ಮಾಡಿದ್ದು ಒಳಸುರಿ ನಿಲ್ಲಿಸುವ ಕೆಲಸ. ಬೆಳೆ ಬದಲಿಸುವುದಾಗಲಿ, ಖರೀದಿ ಬದಲಿಸುವುದಾಗಲಿ ಅಲ್ಲ. ಇಲ್ಲಿ ಕೇಳುತ್ತಿರುವುದು ಅದರ ತಿರುಗುಮುರುಗು. ಭತ್ತಕ್ಕೆ ಯೂರಿಯಾ ಇರಲಿ. ಮೊದಲೇ ಗೊಬ್ಬರ ಹೆಚ್ಚು ಬೇಡದ ಬೆಳೆಗಳನ್ನು ಕೊಳ್ಳಲು ಶುರುಮಾಡಿ. ಒಣ ಹೊಲದ ಹಿಂಗಾರಿ ಜೋಳ ಎಕರೆಗೆ ಐದು ಕ್ವಿಂಟಲ್ ಬಂತೆಂದುಕೊಳ್ಳಿ, ಭತ್ತದಷ್ಟೇ 500 ರೂಪಾಯಿ ಬೋನಸ್ ಕೊಟ್ಟರೂ ಖರ್ಚು 2,500. ಒಂದೆಕರೆ ಭತ್ತದ ಬೋನಸ್ಸಿನಲ್ಲಿ ನಾಲ್ಕೆಕರೆ ಜೋಳದ ಬೋನಸ್ ಮುಗಿಯುತ್ತದೆ.

ಜೋಳ ಯಾರಿಗೆ ಬೇಕು, ಜನ ಅಕ್ಕಿಯನ್ನೇ ಕೇಳುತ್ತಾರಲ್ಲ ಎಂಬುದು ಇನ್ನೊಂದು ಮಾತು. ಅರ್ಧ ನಿಜ. ಅಕ್ಕಿಗೆ ಘನತೆಯಿದೆ, ಒಂದು ಕಾಲಕ್ಕೆ ಹಬ್ಬದ ದಿನವಷ್ಟೇ ಅನ್ನ ಕಂಡವರಿಗೆ ಅದು ಸಣ್ಣ ವಿಷಯವಲ್ಲ. ರೊಟ್ಟಿ ಬಡಿಯುವ ಕೈ ಹೆಂಗಸಿನದು ಎಂಬುದನ್ನೂ ಸಿರಿಧಾನ್ಯದ ಭಾಷಣಕಾರರು ಮರೆಯುತ್ತಾರೆ. 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ಪೋಸ್ಟರುಗಳಲ್ಲಿ ಬಿಸ್ಕತ್ತು, ದೋಸೆಮಿಕ್ಸ್‌ಗಳಿದ್ದವು, ಒಲೆ ಮುಂದಿನ ಹೊಗೆ ಇರಲಿಲ್ಲ. ಆದರೂ ಯಾದಗಿರಿ, ರಾಯಚೂರಿನಂತೆ ಇಲ್ಲೂ ರೊಟ್ಟಿ ಇನ್ನೂ ದಿನದ ಊಟ. ಪುಕ್ಕಟೆ ಅಕ್ಕಿಯ ಪಕ್ಕದಲ್ಲಿ ಜೋಳವನ್ನು ದುಡ್ಡು ಕೊಟ್ಟು ತರುವ ಮನೆಗಳಿವೆ. ಆಹಾರ ಭದ್ರತಾ ಕಾಯ್ದೆ 2013ರಲ್ಲೇ ಒರಟು ಧಾನ್ಯಕ್ಕೆ ಅಕ್ಕಿಯ ಸಮನಾಗಿ ಜಾಗ ಕೊಟ್ಟಿದೆ. ‘ಜೋಳ ಬಾಳಿಕೆ ಬರುವುದಿಲ್ಲ’ ಎಂಬ ನೆಪಕ್ಕೂ ಕೇಂದ್ರ 2021ರ ಡಿಸೆಂಬರ್‌ನಲ್ಲಿ ಉತ್ತರ ಕೊಟ್ಟು, ಜೋಳ ಹಂಚುವ ಅವಧಿಯನ್ನು 9 ತಿಂಗಳಿಗೆ ಹೆಚ್ಚಿಸಿದೆ. ಹೊಳೆಯಾಚೆ ಕರ್ನಾಟಕ ಉತ್ತರದ ಜಿಲ್ಲೆಗಳಿಗೆ ಜೋಳ, ದಕ್ಷಿಣಕ್ಕೆ ರಾಗಿ ಕೊಡುವ ಪ್ರಯತ್ನ ಮಾಡುತ್ತಲೇ ಬಂದಿದೆ. ಅದು ತೊಡಕಿಲ್ಲದೆ ನಡೆದಿಲ್ಲ: ಪೇಟೆಯ ದರ ಬೆಂಬಲ ಬೆಲೆಗಿಂತ ಮೇಲೆ ಹೋದ ವರ್ಷ ರೈತರು ಖರೀದಿ ಕೇಂದ್ರದ ಕಡೆ ತಲೆಹಾಕುವುದಿಲ್ಲ. ಹಾಗಾಗದಂತೆ ಕಾಯಲೆಂದೇ ಬೋನಸ್ ಬೇಕು.

ಇದಕ್ಕಿಂತ ಹಳೆಯ ಮಾದರಿಯೊಂದು ತೆಲಂಗಾಣದಲ್ಲೇ, ಬೀದರ್‌ಗೆ ತಾಗಿದ ಜಹೀರಾಬಾದ್ ಸೀಮೆಯಲ್ಲಿದೆ. ಮೈಸೂರಿನ ಪಿ.ವಿ. ಸತೀಶ್ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳಾ ಸಂಘಗಳು 1990ರ ದಶಕದಲ್ಲಿ ಪರ್ಯಾಯ ಪಡಿತರ ವ್ಯವಸ್ಥೆ ನಡೆಸಿದವು. ಬೀಳುಬಿದ್ದ ಹೊಲ ಉಳಲು ಸಾಲ, ಆ ಸಾಲಕ್ಕೆ ಜೋಳದ ರೂಪದಲ್ಲೇ ಮರುಪಾವತಿ, ಊರಿನಲ್ಲೇ ದಾಸ್ತಾನು, ಕಡುಬಡವರು ಯಾರೆಂದು ಊರೇ ಕೂತು ಗುರುತಿಸಿ ಅವರಿಗೆ ಕಡಿಮೆ ಬೆಲೆಗೆ ಧಾನ್ಯ. ಗೊಬ್ಬರದ ಚೀಲ ಇಲ್ಲದೆ ಬೆಳೆದದ್ದು, ಲಾರಿ ಹತ್ತದೆ ಹಂಚಿದ್ದು. ಸತೀಶ್ 2023ರಲ್ಲಿ ತೀರಿಕೊಂಡರು. ಪ್ರಶಸ್ತಿಗಳು ಬಂದವು, ಸರಕಾರ ಮಾತ್ರ ಅದನ್ನು ಮೆಚ್ಚಿ ಪಕ್ಕಕ್ಕಿಟ್ಟಿತು. ಒಂದು ಸಂಸ್ಥೆ ದಶಕಗಟ್ಟಲೆ ಬೆನ್ನಿಗೆ ನಿಂತಿದ್ದರಿಂದ ಅದು ನಡೆಯಿತು, ಎಲ್ಲೆಡೆ ನಡೆಯದು ಎಂಬ ವಾದದಲ್ಲಿ ಹುರುಳಿದೆ. ಇಡೀ ಪಡಿತರವನ್ನೇ ಹಾಗೆ ಮಾಡಬೇಕಿಲ್ಲ. ನಾರಾಯಣಪೇಟೆ ಮತ್ತು ಗದ್ವಾಲ್ ಜಿಲ್ಲೆಗಳ ಅಂಗನವಾಡಿ, ಗುರುಕುಲ, ಶಾಲೆಯ ಬಿಸಿಯೂಟಕ್ಕೆ ಬೇಕಾದ ಬೇಳೆಯನ್ನೂ ವಾರಕ್ಕೆರಡು ದಿನದ ಜೋಳವನ್ನೂ ಇದೇ ಜಿಲ್ಲೆಗಳ ರೈತ ಗುಂಪುಗಳಿಂದ ಕೊಂಡರೆ ಆರಂಭಕ್ಕೆ ಸಾಕು. ಐದು ಜನ ರೈತರು ಸೇರಿ ಒಬ್ಬರ ಹೊಲವನ್ನೊಬ್ಬರು ನೋಡಿ ಖಾತರಿಪಡಿಸುವ ಪಿಜಿಎಸ್ ಪದ್ಧತಿ ದೇಶದಲ್ಲಿ 2011ರಿಂದಲೇ ಇದೆ. ರಫ್ತು ಕಂಪನಿಯ ದುಬಾರಿ ಮುದ್ರೆ ಬೇಡ. ಪಿಜಿಎಸ್‌ನ ಅರ್ಜಿ, ದಾಖಲೆಗಳು ಕನ್ನಡ ಶಾಲೆಗಳಿರುವ ಕೃಷ್ಣಾ ಮಂಡಲದಲ್ಲಿ ಕನ್ನಡದಲ್ಲೂ ಸಿಗಬೇಕೆಂಬುದು ಕೇಳಲು ಚಿಕ್ಕದು, ಆದರೆ ಗುಂಪು ನಿಲ್ಲುವುದೋ ಬೀಳುವುದೋ ಅಲ್ಲೇ ತೀರ್ಮಾನವಾಗುತ್ತದೆ. ಇಷ್ಟಕ್ಕೆ ಹಣವೆಲ್ಲಿ ಎಂದು ಕೇಳುವವರು, 2025ರಲ್ಲಿ ಕೇಂದ್ರದ ಗೋದಾಮಿನ ಅಕ್ಕಿ ಎಥೆನಾಲ್ ಕಾರ್ಖಾನೆಗೆ ಕ್ವಿಂಟಲಿಗೆ 2,250 ರೂಪಾಯಿಗೆ ಹೋದದ್ದನ್ನು ಗಮನಿಸಬೇಕು. ಒಂದು ಕ್ವಿಂಟಲ್ ಭತ್ತದ ಬೆಂಬಲ ಬೆಲೆಗಿಂತ ಒಂದು ಕ್ವಿಂಟಲ್ ಅಕ್ಕಿಯೇ ಅಗ್ಗವಾಗಿತ್ತು!

ಗೊಬ್ಬರದ ಪ್ರಶ್ನೆ ಕಠಿಣವಾದದ್ದು. ಟ್ರ್ಯಾಕ್ಟರ್ ಬಂದು ಎತ್ತು ಹೋದವು, ಎತ್ತಿನ ಹಿಂದೆಯೇ ತಿಪ್ಪೆ ಸಣ್ಣದಾಯಿತು. ಸಗಣಿಯಿಲ್ಲದ ಸಾವಯವ ಬರೀ ಮಾತು. ಆದರೆ ಈ ಸೀಮೆಯಲ್ಲಿ ಕುರಿಯಿದೆ. ಸುಗ್ಗಿಯಾದ ಹೊಲದಲ್ಲಿ ರಾತ್ರಿ ಮಂದೆ ಕೂರಿಸಿ, ಕುರಿಗಾರರಿಗೆ ಕಾಳು ಅಥವಾ ಹಣ ಕೊಡುವ ರೂಢಿ ಸತ್ತಿಲ್ಲ. ತೆಲಂಗಾಣ 2017ರಲ್ಲಿ ಶೇ 75ರ ಸಬ್ಸಿಡಿಯಲ್ಲಿ 21 ಕುರಿಗಳ ಘಟಕ ಹಂಚಿದ್ದು ಮಾಂಸದ ಲೆಕ್ಕದಲ್ಲಿ. ಹಿಕ್ಕೆಯ ಲೆಕ್ಕ ಯಾರೂ ಇಡಲಿಲ್ಲ. ಜೋಳ ಬೆಳೆದರೆ ಕಾಳಿನ ಜೊತೆ ಕಣಿಕಿಯೂ ಬರುತ್ತದೆ, ಹತ್ತಿ ಕಟ್ಟಿಗೆಯನ್ನು ದನ ತಿನ್ನುವುದಿಲ್ಲ.

ಈ ವಾದ ತಲುಪದ ಒಬ್ಬನಿದ್ದಾನೆ, ಅವನನ್ನು ಮುಚ್ಚಿಡುವುದು ಸರಿಯಲ್ಲ. ಅವನು ಕೌಲುದಾರ. ಎಕರೆ ಲೆಕ್ಕದಲ್ಲಿ ಬರುವ ರೈತುಭರೋಸಾ ಹಣ ಪಟ್ಟಾ ಇದ್ದವರ ಖಾತೆಗೆ ಹೋಗುತ್ತದೆ. ಖರೀದಿ ಕೇಂದ್ರದಲ್ಲೂ ಮೊದಲು ಕೇಳುವುದು ಪಟ್ಟಾ ಪುಸ್ತಕವನ್ನೇ. ಹೊಲ ಸಾವಯವವೆಂದು ಅನಿಸಿಕೊಳ್ಳಲು ಎರಡು–ಮೂರು ವರ್ಷ ಬೇಕು. ಬಾಯಿಮಾತಿನ ಕೌಲು ಯುಗಾದಿಯಿಂದ ಯುಗಾದಿಗೆ. ಈ ವರ್ಷ ಕುರಿ ಕೂರಿಸಿ ಹದಮಾಡಿದ ಹೊಲದಲ್ಲಿ ಮುಂದಿನ ವರ್ಷ ಕುಂಟೆ ಹೊಡೆಯುವವನು ತಾನೇ ಎಂಬ ಭರವಸೆ ಇಲ್ಲದವನು, ಒಂದೇ ಹಂಗಾಮಿನಲ್ಲಿ ಫಲ ಕೊಡುವ ಚೀಲವನ್ನೇ ಹೊತ್ತು ತರುತ್ತಾನೆ.