'ನನ್ನ ಕಡಲತೀರ' ಎನ್ನುವ ಹಕ್ಕು ಯಾರದು?

ಪರಿಸರ ಘೋಷಣೆಗಳು ಕೇವಲ ಗೋಡೆಯ ಅಲಂಕಾರವಲ್ಲ. ಯಾರನ್ನು ಪರಿಸರದ ರಕ್ಷಕರೆಂದು ಗೌರವಿಸಬೇಕು, ಯಾರನ್ನು ಅಡ್ಡಿಯೆಂದು ಕಾಣಬೇಕು ಎಂಬುದನ್ನು ಅವು ನಮಗರಿವಿಲ್ಲದೆಯೇ ಕಲಿಸಿಬಿಡುತ್ತವೆ. ಹೊನ್ನಾವರದ ಕಾಸರಕೋಡು ಇದಕ್ಕೊಂದು ನಿದರ್ಶನ.

2020ರ ಸೆಪ್ಟೆಂಬರ್ 18ರಂದು ಕೇಂದ್ರ ಪರಿಸರ ಸಚಿವಾಲಯವು ದೇಶದ ಎಂಟು ಕಡಲತೀರಗಳಲ್ಲಿ 'ನನ್ನ ಕಡಲತೀರವನ್ನು ನಾನು ರಕ್ಷಿಸುತ್ತಿದ್ದೇನೆ' ಎಂಬರ್ಥದ ಇಂಗ್ಲಿಷ್ ಘೋಷಣೆಯ ಧ್ವಜವನ್ನು ಹಾರಿಸಿತು. ಅವುಗಳಲ್ಲಿ ಕಾಸರಕೋಡೂ ಒಂದು. ಮರುತಿಂಗಳೇ ಅದಕ್ಕೆ ಅಂತಾರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಶುಚಿಯಾದ ನೀರು, ಶುಚಿಯಾದ ಮರಳು, ಸುರಕ್ಷತೆ ಇವುಗಳನ್ನು ಯಾರೂ ಬೇಡವೆನ್ನಲಾರರು. ಆದರೆ ಆ ವಾಕ್ಯದಲ್ಲಿರುವ 'ನಾನು' ಯಾರು?

ಅದೇ ಕಾಸರಕೋಡಿನ ಟೊಂಕದಲ್ಲಿ ಮೀನುಗಾರ ಕುಟುಂಬಗಳು ತಲೆಮಾರುಗಳಿಂದ ದೋಣಿ ಎಳೆದು, ಮರಳಿನ ಮೇಲೆ ಮೀನು ಒಣಗಿಸಿ ಬದುಕಿವೆ. ಅಲ್ಲಿಯ ಖಾಸಗಿ ವಾಣಿಜ್ಯ ಬಂದರು ಯೋಜನೆಯಿಂದ ತಮ್ಮ ನೆಲೆಯೂ ಕಡಲಾಮೆಗಳು ಮೊಟ್ಟೆಯಿಡುವ ತಾಣವೂ ನಾಶವಾಗುವುದೆಂದು ಅವರು ವರ್ಷಗಳಿಂದ ಹೋರಾಡುತ್ತ ಬಂದಿದ್ದಾರೆ. 'ನನ್ನ ಕಡಲತೀರ' ಎನ್ನುವ ಹಕ್ಕು ಅವರಿಗಿಂತ ಹೆಚ್ಚಾಗಿ ಯಾರಿಗಿದೆ? ಆದರೂ ಆ ಮಾತನ್ನು ಪ್ರವಾಸಿ ಆಡಿದರೆ ಪರಿಸರ ಪ್ರೇಮವೆನಿಸುತ್ತದೆ. ಮೀನು ಮಾರುವ ಹೆಂಗಸು ಆಡಿದರೆ ಅಭಿವೃದ್ಧಿಗೆ ಅಡ್ಡಿಯೆನಿಸುತ್ತದೆ.

ನಮ್ಮ ಜಿಲ್ಲೆಯೇ ಇನ್ನೊಂದು ಬಗೆಯ ಘೋಷಣೆಯನ್ನೂ ನಾಡಿಗೆ ನೀಡಿದೆ. 1983ರಲ್ಲಿ ಶಿರಸಿ ಸಮೀಪದ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಹಾಗೆ ಹುಟ್ಟಿದ ಅಪ್ಪಿಕೋ ಚಳವಳಿಯ ಮಂತ್ರ 'ಉಳಿಸು, ಬೆಳೆಸು, ಬಳಸು'. ಇದರ ಮೂರನೆಯ ಪದ ಗಮನಾರ್ಹ. ಕಾಡನ್ನು ನಂಬಿ ಬದುಕುವವರನ್ನು ಅದು ಹೊರಗಟ್ಟಲಿಲ್ಲ. ಬಳಸುವ ಹಕ್ಕಿಗೆ ಉಳಿಸುವ ಮತ್ತು ಬೆಳೆಸುವ ಹೊಣೆಯನ್ನು ಜೋಡಿಸಿತು. ಬರಿಯ 'ಉಳಿಸಿ' ಎಂಬ ಕರೆಯಲ್ಲಿ ಈ ನ್ಯಾಯವಿಲ್ಲ. ಯಾರಿಗಾಗಿ, ಯಾರಿಂದ ಉಳಿಸಬೇಕು ಎಂಬುದನ್ನು ಅದು ಹೇಳುವುದೇ ಇಲ್ಲ.

ಪ್ರತಿವರ್ಷ ಜೂನ್ 5ರಂದು ನಮ್ಮ ಮಕ್ಕಳು ಶಾಲೆಯಲ್ಲಿ ಇಂತಹ ಘೋಷಣೆಗಳನ್ನು ಬರೆಯುತ್ತಾರೆ. ಆಗ ಹೆತ್ತವರು ಅವರೊಡನೆ ಕುಳಿತು ಎರಡು ಪ್ರಶ್ನೆಗಳನ್ನು ಕೇಳಬೇಕು: ಈ ಮಾತು ಯಾರ ಮೇಲೆ ಹೊಣೆ ಹೊರಿಸುತ್ತದೆ? ಯಾರನ್ನು ಹೊಣೆಯಿಂದ ಪಾರು ಮಾಡುತ್ತದೆ? ಕಸ ಹೆಕ್ಕುವ ಕರ್ತವ್ಯವನ್ನು ಪ್ರಜೆಗಳಿಗೆ ಒಪ್ಪಿಸಿ, ಯೋಜನೆ ರೂಪಿಸುವವರನ್ನು ಪ್ರಶ್ನಿಸದ ಘೋಷಣೆ ಅರ್ಧಸತ್ಯವಷ್ಟೆ.

ಹಾಗೆಂದು ನಮ್ಮ ಹೊಣೆ ಇಳಿದಂತಲ್ಲ. ನಮ್ಮ ಮದುವೆಮನೆಯ ಪ್ಲಾಸ್ಟಿಕ್ ಲೋಟಗಳು ಶರಾವತಿಯನ್ನು ಸೇರುತ್ತಿರುವಾಗ, ಟೊಂಕದ ಪರವಾಗಿ ನಾವಾಡುವ ಮಾತಿಗೂ ತೂಕವಿರುವುದಿಲ್ಲ. ಪರರ ಘೋಷಣೆಯನ್ನು ಒರೆಗೆ ಹಚ್ಚುವ ನಾವು, ಮೊದಲು ನಮ್ಮ ನಡೆಯನ್ನು ಒರೆಗೆ ಹಚ್ಚೋಣ.