ಮನೆಯ ಮಾಲಕರೂ ಕಾರಭಾರಿಗಳೂ

ಹಟ್ಟಿಯ ಹೆಸರೆತ್ತಿದೊಡನೆ ದೂರದ ಊರುಗಳವರಿಗೆ ನೆನಪಾಗುವದು ಚಿನ್ನ. 1947ರಲ್ಲಿ ಹೈದರಾಬಾದ ಚಿನ್ನದ ಗಣಿ ಕಂಪನಿಯೆಂದು ಸ್ಥಾಪಿತವಾಗಿ, ರಾಜ್ಯಗಳ ಪುನರ್ರಚನೆಯಾದ 1956ರಲ್ಲಿ ಹಟ್ಟಿಯ ಹೆಸರನ್ನು ಧರಿಸಿದ ಆ ಉದ್ಯಮವು, 2001ರ ಫೆಬ್ರುವರಿ 28ರಂದು ಕೋಲಾರದ ಗಣಿಗಳು ಮುಚ್ಚಿದ ಬಳಿಕ, ದೇಶದಲ್ಲಿ ನೆಲದಿಂದ ಚಿನ್ನ ತೆಗೆಯುವ ಪ್ರಮುಖ ಗಣಿಯಾಗಿ ಉಳಿದಿರುವದು ಸರ್ವವಿದಿತವೇ. ಆದರೆ ನೆಲದ ಕೆಳಗಿನ ಪಾಳಿಯನ್ನು ಮುಗಿಸಿ ಮೇಲಕ್ಕೆ ಬಂದ ಮನುಷ್ಯನು ಎಲ್ಲಿ ಮಲಗುವನು, ಆ ಮನೆಯ ಮಾಲಕರಾರು, ತಿಂಗಳ ಬಾಡಿಗೆಯನ್ನು ಅವನು ಯಾರ ಕೈಯಲ್ಲಿ ಇಡುವನು ಎಂಬುದನ್ನು ವಿಚಾರಿಸಿದವರು ವಿರಳ. ಕಂಪನಿಯ ವಸತಿಗೃಹ ದೊರೆಯದವರಿಗೆ, ಗುತ್ತಿಗೆಯ ಮೇಲೆ ದುಡಿಯುವವರಿಗೆ, ವರ್ಗವಾಗಿ ಬರುವ ಶಿಕ್ಷಕರಿಗೂ ಬ್ಯಾಂಕಿನ ನೌಕರರಿಗೂ ಊರೊಳಗಿನ ಬಾಡಿಗೆಯ ಮನೆಯೇ ಗತಿ. ಇತ್ತ, ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ಹಣದಿಂದ ಎರಡು ಮನೆ ಕಟ್ಟಿಸಿದವನು ನಿವೃತ್ತನಾಗಿ, ಮಕ್ಕಳ ಬೆನ್ನು ಹತ್ತಿ ರಾಯಚೂರಿಗೋ ಬೆಂಗಳೂರಿಗೋ ಹೊರಟುಹೋಗುವದು ಇಂಥ ಊರುಗಳ ರೂಢಿ. ಹೋಗುವಾಗ ಬೀಗದ ಕೈಯನ್ನು ಯಾರ ಕೈಗೆ ಕೊಡುವನೋ ಅವನೇ ಅಂದಿನಿಂದ ಆ ಮನೆಯ ಕಾರಭಾರಿ.

ದೊಡ್ಡ ನಗರಗಳಲ್ಲಿ ಈ ಕೆಲಸಕ್ಕಾಗಿ ಕಂಪನಿಗಳೇ ಹುಟ್ಟಿಕೊಂಡಿವೆ. ನಮ್ಮ ಕಡೆಗೆ ಅಂಗಡಿಕಾರನೋ, ದಲ್ಲಾಳಿಯೋ, ಓಣಿಯ ಪರಿಚಯಸ್ಥನೋ ಅದನ್ನು ಮಾಡುವನು. ಹೆಸರು ಬೇರೆಯಾದರೂ ಪ್ರಶ್ನೆ ಒಂದೇ: ಮಾಲಕನು ತನ್ನ ಬಾಡಿಗೆಯ ಮನೆಯನ್ನು ತಾನೇ ನೋಡಿಕೊಳ್ಳಬೇಕೋ, ಕಾರಭಾರಿಗೆ ಒಪ್ಪಿಸಬೇಕೋ? ನಮ್ಮ ಮತವನ್ನು ಮೊದಲೇ ಹೇಳಿಬಿಡುತ್ತೇವೆ. ಬೆಳಗ್ಗೆ ಹೊರಟು ಸಂಜೆಗೆ ಮರಳಬಹುದಾದ ದೂರದಲ್ಲಿರುವ ಮಾಲಕನು ತಾನೇ ನೋಡಿಕೊಳ್ಳತಕ್ಕದ್ದು. ಅದಕ್ಕಿಂತ ದೂರದಲ್ಲಿರುವವನು ಕಾರಭಾರಿಯನ್ನು ಇಟ್ಟುಕೊಳ್ಳಬಹುದು. ಆದರೆ ಈಗ ಇಟ್ಟುಕೊಳ್ಳುತ್ತಿರುವ ರೀತಿಯಲ್ಲಲ್ಲ.

ನಡುವಣವನ ಪರಿಚಯ ಈ ಸೀಮೆಗೆ ಹೊಸದಲ್ಲ. ನಿಜಾಮರ ಸಂಸ್ಥಾನದಲ್ಲಿ ಒಂದು ಕಾಲಕ್ಕೆ ತಾಲೂಕುಗಳ ಕಂದಾಯವನ್ನೇ ಗುತ್ತೇದಾರರಿಗೆ ವಹಿಸಿಕೊಡುತ್ತಿದ್ದರು. ಗುತ್ತೇದಾರನು ಸರಕಾರಕ್ಕೆ ಗೊತ್ತುಪಡಿಸಿದ ಮೊತ್ತವನ್ನು ಕೊಡುವನು. ರೈತನಿಂದ ಎಷ್ಟನ್ನು ಎತ್ತುವನೆಂಬುದು ಅವನಿಗೂ ರೈತನ ಬೆನ್ನಿಗೂ ಗೊತ್ತು. 1853ರಲ್ಲಿ ದಿವಾನಗಿರಿಗೆ ಬಂದ ಸಾಲಾರಜಂಗರು ಈ ಪದ್ಧತಿಯನ್ನು ಮೆಲ್ಲಮೆಲ್ಲನೆ ಕಿತ್ತೊಗೆದು, 1865ರಲ್ಲಿ ಜಿಲ್ಲಾಬಂದಿಯನ್ನು ತಂದು, ಸಂಬಳದ ಅಧಿಕಾರಿಗಳ ಮೂಲಕ ವಸೂಲಿಯನ್ನು ನಡೆಯಿಸಿದರು. ಅಷ್ಟರೊಳಗೆ ರಾಯಚೂರು ದೋಆಬವು ಏಳು ವರ್ಷ ಆಂಗ್ಲರ ಕೈಯಲ್ಲಿದ್ದು 1860ರಲ್ಲಿ ನಿಜಾಮರಿಗೆ ಮರಳಿತ್ತು. ಸಾಲಾರಜಂಗರ ರಾಜಕೀಯದ ವಿಷಯದಲ್ಲಿ ಏನೇ ಭಿನ್ನಾಭಿಪ್ರಾಯಗಳಿರಲಿ, ಈ ಒಂದು ಸಂಗತಿಯನ್ನು ಅವರು ಸರಿಯಾಗಿ ಕಂಡಿದ್ದರು: ಗುತ್ತೇದಾರನು ಬದುಕುವದು ಎತ್ತಿದ್ದಕ್ಕೂ ಕೊಟ್ಟಿದ್ದಕ್ಕೂ ಇರುವ ಅಂತರದ ಮೇಲೆ, ಸಂಬಳದವನು ಬದುಕುವದು ಲೆಕ್ಕ ಒಪ್ಪಿಸುವದರ ಮೇಲೆ.

ಇದನ್ನು ಹಳೆಯ ಪುರಾಣವೆಂದು ವಾಚಕರು ಭಾವಿಸಬಾರದು. “ನನಗೆ ತಿಂಗಳಿಗೆ ಇಷ್ಟು ಮುಟ್ಟಿಸು, ಮೇಲೆ ಬಂದದ್ದು ನಿನ್ನದು” ಎಂದು ಹೇಳಿ ನಿಶ್ಚಿಂತೆಯಿಂದ ಬಸ್ಸು ಹತ್ತುವ ಮಾಲಕನು ತಿಳಿದೋ ತಿಳಿಯದೆಯೋ 1853ರ ಹಿಂದಕ್ಕೆ ಹೋಗಿರುವನು. ಅವನ ಮನೆಯ ಒಂದೊಂದು ಕೋಣೆಯಲ್ಲಿ ಐದೈದು ಜನ ಗುತ್ತಿಗೆಯ ಕೂಲಿಕಾರರನ್ನು ತುಂಬಿ ತಲೆಗಿಷ್ಟೆಂದು ಎತ್ತಿದರೂ ಅವನಿಗೆ ಗೊತ್ತಾಗುವದಿಲ್ಲ. ಗೊತ್ತಾಗುವದು ಕಕ್ಕಸದ ಗುಂಡಿ ಕಟ್ಟಿ, ಗೋಡೆ ಬಿರಿದ ಮೇಲೆಯೇ.

ಇನ್ನು ದಲಾಲಿಯ ಲೆಕ್ಕವನ್ನು ನೋಡೋಣ. ಮನೆಯ ಬಾಡಿಗೆ ತಿಂಗಳಿಗೆ 5,000 ರೂಪಾಯಿಯೆಂದು ಇಟ್ಟುಕೊಳ್ಳೋಣ. ಕಾರಭಾರಿಗೆ ವಸೂಲಿಯ ಹತ್ತನೆಯ ಒಂದು ಪಾಲೆಂದರೆ ವರ್ಷಕ್ಕೆ 6,000. ಹೊಸ ಬಾಡಿಗೆದಾರನನ್ನು ತಂದಾಗಲೆಲ್ಲ ಒಂದು ತಿಂಗಳ ಬಾಡಿಗೆಯನ್ನು ದಲಾಲಿಯೆಂದು ತೆಗೆದುಕೊಂಡರೆ ಮತ್ತೆ 5,000. ಹಾಗಾದರೆ ಹತ್ತು ವರ್ಷ ಒಂದೇ ಮನೆಯಲ್ಲಿ ನೆಮ್ಮದಿಯಿಂದಿರುವ ಸಂಸಾರಸ್ಥನು ಮಾಲಕನಿಗೆ ಭಾಗ್ಯ, ಕಾರಭಾರಿಗೆ ನಷ್ಟ. ವರ್ಷಕ್ಕೊಮ್ಮೆ ಬಿಟ್ಟು ಹೋಗುವವನೇ ಅವನಿಗೆ ಲಾಭ. ಒಳ್ಳೆಯ ಬಾಡಿಗೆದಾರರು ಯಾಕೆ ನಿಲ್ಲುವದಿಲ್ಲವೆಂದು ಊರಿಗೆ ಬಂದಾಗ ಕೊರಗುವ ಮಾಲಕರು, ತಾವು ಗೊತ್ತುಮಾಡಿದ ಕೂಲಿಯ ಕ್ರಮವೇ ಅವರನ್ನು ಓಡಿಸುತ್ತಿರಬಹುದೆಂದು ಎಣಿಸಿದಂತಿಲ್ಲ. ಮೇಲಾಗಿ, ಈ ಖರ್ಚಿಗೆ ಆದಾಯ ತೆರಿಗೆಯಲ್ಲಿ ಪ್ರತ್ಯೇಕ ರಿಯಾಯಿತಿಯೂ ಇಲ್ಲ. ಸ್ಥಳೀಯ ತೆರಿಗೆಯನ್ನು ಕಳೆದುಳಿದ ಬಾಡಿಗೆಯಲ್ಲಿ ಶೇಕಡಾ 30ನ್ನು ಎಲ್ಲ ಮಾಲಕರಿಗೂ ಬಿಡುವ ಕ್ರಮ 1961ರ ಕಾಯಿದೆಯಲ್ಲಿತ್ತು, 2025ರ ಹೊಸ ಕಾಯಿದೆಯಲ್ಲಿಯೂ ಉಳಿದಿದೆ. ಕಾರಭಾರಿಗೆ ಕೊಟ್ಟವನಿಗೂ ಅಷ್ಟೇ, ತಾನೇ ಓಡಾಡಿದವನಿಗೂ ಅಷ್ಟೇ. ತಾನೇ ಓಡಾಡಿದವನ ಕಿಸೆಯಲ್ಲಿ ಅದು ಉಳಿಯುವದು.

ಕಾರಭಾರಿಯನ್ನಿಟ್ಟರೆ ಹೊಣೆ ತಪ್ಪಿತೆಂಬ ತಿಳಿವಳಿಕೆ ಎಲ್ಲಕ್ಕಿಂತ ಹೆಚ್ಚು ಹಾನಿಯನ್ನು ಮಾಡಿರುವದು. 1872ರ ಕರಾರಿನ ಕಾಯಿದೆಯನ್ನು ಬರೆದವರು ಈ ಭ್ರಮೆಗೆ ಎಡೆಗೊಟ್ಟಿಲ್ಲ. ಮುಖ್ತಾರನು ತನ್ನ ಅಧಿಕಾರದೊಳಗೆ ಮಾಡಿದ ಕರಾರು ಧಣಿಯೇ ಮಾಡಿದ ಕರಾರೆಂದು 226ನೆಯ ಕಲಮು ಹೇಳುವದು. ವ್ಯವಹಾರದ ನಡುವೆ ಮುಖ್ತಾರನಿಗೆ ಕೊಟ್ಟ ತಿಳಿವಳಿಕೆ ಧಣಿಗೆ ಕೊಟ್ಟ ತಿಳಿವಳಿಕೆಯೇ ಎಂದು 229ನೆಯ ಕಲಮು ಹೇಳುವದು. ಅಂದ ಬಳಿಕ ಬಾಡಿಗೆದಾರಳು ಅಂಗಡಿಯ ಮುಂದೆ ನಿಂತು “ಅಡಿಗೆ ಮನೆಯ ಮಾಳಿಗೆ ಸೋರುತ್ತದೆ” ಎಂದು ಕಾರಭಾರಿಗೆ ಹೇಳಿದ ದಿನವೇ, ಬೆಂಗಳೂರಿನಲ್ಲಿ ಕುಳಿತ ಮಾಲಕನು ಅದನ್ನು ಕೇಳಿದ ಹಾಗಾಯಿತು. ಮಾಲಕನು ಮಾಡಿಸಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಯೋಗ್ಯ ಕಾಲದೊಳಗೆ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಆ ವೆಚ್ಚವನ್ನು ಬಡ್ಡಿಸಹಿತವಾಗಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೆಂದು 1882ರ ಸ್ವತ್ತು ವರ್ಗಾವಣೆಯ ಕಾಯಿದೆಯು 108ನೆಯ ಕಲಮಿನಲ್ಲಿ ಅನುಮತಿಸಿರುವದು. ಈ ಹಕ್ಕನ್ನು ಬಳಸಿದ ಬಾಡಿಗೆದಾರರನ್ನು ನಾವಂತೂ ಕಂಡಿಲ್ಲ. ಸೋರುವ ಮೂಲೆಗೆ ಬೋಗುಣಿಯನ್ನಿಟ್ಟು ಮಳೆಗಾಲವನ್ನು ಕಳೆಯುವವರನ್ನು ಕಂಡಿದ್ದೇವೆ.

ಅಂಥವರಲ್ಲಿ ಈ ಸಾಲುಗಳನ್ನು ಬರೆಯುವವರೂ ಒಬ್ಬರು. ಇದೇ ಜಿಲ್ಲೆಯ ಒಂದು ಊರಿನಲ್ಲಿ ಹಳೆಯ ಮಾಳಿಗೆಯ ಮನೆಯೊಂದರಲ್ಲಿ ಬಾಡಿಗೆಗೆ ಇದ್ದ ಕಾಲದಲ್ಲಿ, ಮೊದಲ ಮಳೆಗೇ ಮಾಳಿಗೆಯ ಮಣ್ಣು ಕರಗಿ ಒಲೆಯ ಮೇಲೆ ಸುರಿಯತೊಡಗಿತು. ಕಾರಭಾರಿಗೆ ಹೇಳಿದೆವು. ಮಾಲಕರಿಗೆ ಬರೆದಿರುವೆನೆಂದರು. ಮತ್ತೆ ಹೇಳಿದೆವು. ಮಾಲಕರು ಕೈ ಬಿಗಿಯವರು, ಏನು ಮಾಡಲಿ ಎಂದರು. ಆ ಮಾಲಕರನ್ನು ನಾವು ಮನಸ್ಸಿನಲ್ಲಿಯೇ ಎಷ್ಟು ಬೈದೆವೆಂಬುದನ್ನು ಇಲ್ಲಿ ಬರೆಯುವದು ಸಭ್ಯವಲ್ಲ. ದೀಪಾವಳಿಯ ತರುವಾಯ ಒಂದು ಮದುವೆಯಲ್ಲಿ ಅವರು ಪಂಕ್ತಿಯಲ್ಲಿ ನಮ್ಮ ಮಗ್ಗುಲಲ್ಲಿಯೇ ಕುಳಿತರು. ಮಾತಿಗೆ ಮಾತು ಬಂದು, “ಮಳೆಗಾಲಕ್ಕೆ ಮುಂಚೆ ಮಾಳಿಗೆ ಮಾಡಿಸಿಕೊಟ್ಟೆನಲ್ಲ, ಈಗ ಸುಖವೋ?” ಎಂದು ಕೇಳಿದರು. ದುರಸ್ತಿಯ ಹಣವನ್ನು ಅವರು ಆಷಾಢದಲ್ಲಿಯೇ ಕೊಟ್ಟಿದ್ದರು. ಇಬ್ಬರೂ ಸಜ್ಜನರಾಗಿದ್ದು, ಒಬ್ಬರ ವಿಷಯದಲ್ಲಿ ಇನ್ನೊಬ್ಬರು ನಾಲ್ಕು ತಿಂಗಳು ಕೆಟ್ಟ ಅಭಿಪ್ರಾಯವನ್ನು ಇಟ್ಟುಕೊಂಡಿದ್ದೆವು. ಅವರಿಗೆ ನಾವು ಗೋಡೆಗೆ ಮೊಳೆ ಹೊಡೆದು ಕೆಡಿಸುವವರೆಂದು ವರದಿಯಾಗಿತ್ತಂತೆ.

ಕಾರಭಾರಿಗಳೆಲ್ಲರೂ ಇಂಥವರೆಂಬುದು ನಮ್ಮ ಅಭಿಪ್ರಾಯವಲ್ಲ. ಧಣಿಯ ಪಾಪವನ್ನು ಕಾರಭಾರಿಯು ಹೊತ್ತ ನಿದರ್ಶನವೂ ಉಂಟು, ಅದೂ ಜಗತ್ಪ್ರಸಿದ್ಧವಾದದ್ದು. ಐರ್ಲಂಡಿನ ಮೇಯೋ ಪ್ರಾಂತದಲ್ಲಿ ಲಾರ್ಡ್ ಅರ್ನ್ ಎಂಬ ದೂರವಾಸಿ ಜಮೀನುದಾರನ ಆಸ್ತಿಯನ್ನು ಕ್ಯಾಪ್ಟನ್ ಬಾಯ್ಕಾಟ್ ಎಂಬವನು ನೋಡಿಕೊಳ್ಳುತ್ತಿದ್ದನು. 1880ರಲ್ಲಿ ಬೆಳೆ ಕೆಟ್ಟು ಗೇಣಿಯನ್ನು ಇಳಿಸಬೇಕೆಂದು ರೈತರು ಬೇಡಿಕೊಂಡರೆ, ಧಣಿಯು ಅಲ್ಪ ಸ್ವಲ್ಪ ಬಿಟ್ಟು ಸುಮ್ಮನಾದನು. ಒಕ್ಕಲೆಬ್ಬಿಸುವ ನೋಟೀಸನ್ನು ಹಿಡಿದು ಹೋದವರು ಕಾರಭಾರಿಯ ಜನ. ಆಳುಗಳು ಕೆಲಸ ಬಿಟ್ಟರು, ಅಂಗಡಿಕಾರರು ಸಾಮಾನು ಕೊಡಲೊಲ್ಲೆನೆಂದರು. ಅವನ ಬೆಳೆಯನ್ನು ಕಟಾವು ಮಾಡಲು ಉತ್ತರದಿಂದ 50 ಜನ ಕೂಲಿಗಳನ್ನೂ ಅವರ ರಕ್ಷಣೆಗೆ ಸುಮಾರು ಸಾವಿರ ಸೈನಿಕರನ್ನೂ ಪೋಲೀಸರನ್ನೂ ಕರೆತರಬೇಕಾಯಿತು. ಮುಂದೆ ನಮ್ಮ ದೇಶದಲ್ಲಿ ಪರದೇಶಿ ಬಟ್ಟೆಯ ಮೇಲೆ ಹೂಡಿದ ಬಹಿಷ್ಕಾರಕ್ಕೆ ಆಂಗ್ಲರು ಯಾವ ಶಬ್ದವನ್ನು ಬಳಸಿದರೋ ಅದು ಈ ಕಾರಭಾರಿಯ ಮನೆತನದ ಹೆಸರು. ಬಾಯ್ಕಾಟನ ಹೆಸರು ಕೋಶಗಳಲ್ಲಿ ಉಳಿಯಿತು. ಅರ್ನ್ ದೊರೆಯ ಹೆಸರು ಯಾರಿಗೂ ನೆನಪಿಲ್ಲ.

ಅದಕ್ಕೂ ಹದಿನೈದು ವರ್ಷಗಳ ಹಿಂದೆ, ಸಮುದ್ರದ ಆಚೆಯ ದಂಡೆಯಲ್ಲಿ ಲಂಡನ್ನಿನಲ್ಲಿಯೇ, ಇದಕ್ಕೆ ತೀರ ಭಿನ್ನವಾದ ಒಂದು ಕಾರಭಾರವು ನಡೆದಿತ್ತು. ಜಾನ್ ರಸ್ಕಿನ್ನರು 1865ರಲ್ಲಿ ಮಾರಿಲೆಬೋನಿನ ಬಡವರ ಓಣಿಯೊಂದರಲ್ಲಿ ಮೂರು ಹಾಳು ಮನೆಗಳನ್ನು ಪಡೆದು, ಅವುಗಳನ್ನು ಆಕ್ಟೇವಿಯಾ ಹಿಲ್ ಎಂಬ ತರುಣಿಯ ಕೈಗೆ ಒಪ್ಪಿಸಿದರು. ಗಾಂಧೀಜಿಯವರ ಮನಸ್ಸನ್ನು ತಿರುಗಿಸಿದ ಗ್ರಂಥವನ್ನು ಬರೆದ ಅದೇ ರಸ್ಕಿನ್ನರು. ಆಕೆಯು ಬಾಡಿಗೆಯನ್ನು ವಾರಕ್ಕೊಮ್ಮೆ ತಾನೇ ಮನೆಮನೆಗೆ ಹೋಗಿ ಎತ್ತುತ್ತಿದ್ದಳು. ಬಾಕಿಯನ್ನು ಸಹಿಸುತ್ತಿರಲಿಲ್ಲ. ಹೋದಾಗಲೆಲ್ಲ ಮೆಟ್ಟಿಲು, ಕಿಟಕಿ, ನೀರಿನ ತೊಟ್ಟಿಗಳನ್ನು ಕಣ್ಣಾರೆ ನೋಡುತ್ತಿದ್ದಳು. ರಸ್ಕಿನ್ನರಿಗೆ ಶೇಕಡಾ ಐದರಂತೆ ಪ್ರತಿಫಲ ಸಲ್ಲುತ್ತಿತ್ತು. ಮಿಕ್ಕಿದ್ದು ದುರಸ್ತಿಗೆ ಹೋಗುತ್ತಿತ್ತು. ಆಕೆಯೂ ಕಾರಭಾರಿಯೇ. ಆದರೆ ಎಷ್ಟು ಬಂತು, ಎಲ್ಲಿ ಹೋಯಿತು ಎಂಬುದು ಮೂವರಿಗೂ ಗೊತ್ತಿತ್ತು: ಧಣಿಗೆ, ಆಕೆಗೆ, ಒಕ್ಕಲಿನವರಿಗೆ.

ಈಗ ನಮ್ಮ ಅಧಿಕಾರಿ ಮಿತ್ರರ ಆಕ್ಷೇಪಕ್ಕೆ ಬರೋಣ. ಮೂರು ವರ್ಷಕ್ಕೊಮ್ಮೆ ವರ್ಗವಾಗುವ ತಾವು ಕಾರವಾರದಲ್ಲಿ ಕುಳಿತು ಲಿಂಗಸುಗೂರಿನ ಮನೆಯ ನಳವನ್ನು ಹೇಗೆ ರಿಪೇರಿ ಮಾಡಿಸಲಿ ಎಂದು ಅವರು ಕೇಳುವದು ನ್ಯಾಯವೇ. ವಿಧವೆಯರೂ, ವೃದ್ಧರೂ, ಪರದೇಶದಲ್ಲಿ ನೆಲೆಸಿದವರೂ ಹೀಗೆಯೇ ಕೇಳಬಹುದು. ಅವರು ಅವಶ್ಯವಾಗಿ ಒಬ್ಬನನ್ನು ನೇಮಿಸಿಕೊಳ್ಳಲಿ. ಆದರೆ ಗೊತ್ತಾದ ಸಂಬಳಕ್ಕೆ ನೇಮಿಸಲಿ, ಬಾಡಿಗೆದಾರರು ಬದಲಾದರೆ ಹೆಚ್ಚು ಸಿಕ್ಕುವಂಥ ದಲಾಲಿಗಲ್ಲ. ಬಾಡಿಗೆಯು ನೇರವಾಗಿ ಮಾಲಕನ ಬ್ಯಾಂಕಿನ ಖಾತೆಗೆ ಬರಲಿ. ಅಂಗೈಯಗಲದ ಫೋನಿನಿಂದಲೇ ಹಣ ಕಳಿಸುವ ಈ ಕಾಲದಲ್ಲಿ, ಅದು ಅಂಗಡಿಯ ಗಲ್ಲೆಯ ಮೂಲಕ ಹಾದು ಬರುವ ಕಾರಣವೇ ಇಲ್ಲ. ಮುಂಗಡದ ಹಣವಂತೂ ಕಾರಭಾರಿಯ ಕೈಯಲ್ಲಿ ಒಂದು ದಿನವೂ ನಿಲ್ಲಬಾರದು, ಏಕೆಂದರೆ ಮನೆ ಬಿಡುವ ದಿನ ಬಾಡಿಗೆದಾರನು ಅತ್ತು ಕರೆಯುವದೆಲ್ಲ ಅದಕ್ಕಾಗಿಯೇ. ಕೇಳಿದಾಗ ಲೆಕ್ಕ ಒಪ್ಪಿಸುವದು ಮುಖ್ತಾರನ ಕರ್ತವ್ಯವೆಂದು ಕರಾರಿನ ಕಾಯಿದೆಯ 213ನೆಯ ಕಲಮು ವಿಧಿಸಿರುವದಾದರೂ, ಕೇಳದವನಿಗೆ ಕಾಯಿದೆಯು ತಾನಾಗಿ ಬಂದು ಲೆಕ್ಕ ಹೇಳುವದಿಲ್ಲ.

ಮುಖ್ತಾರಪತ್ರದ ವಿಷಯದಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು. ಬಾಡಿಗೆ ಎತ್ತುವದಕ್ಕೂ ದುರಸ್ತಿಗೂ ಅಧಿಕಾರ ಕೊಟ್ಟರೆ ಸಾಕಾಗಿರುವಾಗ, ಛಾಪಾ ಕಾಗದದ ಅಂಗಡಿಯವನು ಕೊಟ್ಟ ಅಚ್ಚಿನ ಮಾದರಿಗೆ ರುಜು ಹಾಕಿ, ಮಾರುವ, ಅಡವಿಡುವ ಅಧಿಕಾರವನ್ನೂ ಕೊಟ್ಟುಬಿಡುವ ವಿದ್ಯಾವಂತರಿದ್ದಾರೆ. ಪರರ ಮನೆಯನ್ನು ನೋಡಿಕೊಳ್ಳಲು ಇದ್ದವನಿಗೆ ಎಷ್ಟು ವರ್ಷ ಕಳೆದರೂ ಅದರಲ್ಲಿ ಹಕ್ಕು ಹುಟ್ಟುವದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ನಿಸ್ಸಂದಿಗ್ಧವಾಗಿ ಹೇಳಿದೆ. ಆದರೆ ಆ ಮಾತನ್ನು ಹೇಳಿಸಿಕೊಳ್ಳಲು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾದ ಮಾಲಕನ ಪಾಡನ್ನೂ ನೆನೆಯಬೇಕು.

ಬಾಡಿಗೆದಾರನ ಕಡೆಯಿಂದಲೂ ಒಂದು ಮಾತು. ಕೇಂದ್ರ ಸರಕಾರವು 2021ರಲ್ಲಿ ರಾಜ್ಯಗಳ ಮುಂದೆ ಇಟ್ಟ ಮಾದರಿ ಬಾಡಿಗೆ ಕಾಯಿದೆಯಲ್ಲಿ ಕಾರಭಾರಿಗೆ ಪ್ರತ್ಯೇಕ ಸ್ಥಾನವಿದೆ. ಅವನ ಹೆಸರೇನು, ಅವನಿಗೆ ಯಾವ ಕೆಲಸಕ್ಕೆ, ಎಷ್ಟು ಕಾಲದ ಅಧಿಕಾರ ಕೊಟ್ಟಿದೆ ಎಂಬುದನ್ನು ಮಾಲಕನು ಬಾಡಿಗೆದಾರನಿಗೆ ತಿಳಿಸಬೇಕು. ತಪ್ಪಿ ನಡೆದ ಕಾರಭಾರಿಯನ್ನು ಬಾಡಿಗೆಯ ನ್ಯಾಯಾಲಯವು ತೆಗೆದುಹಾಕಬಹುದು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಮುಂಗಡವನ್ನು ಕೇಳಕೂಡದು. ಮಾದರಿಯು ತಾನಾಗಿ ಕಾಯಿದೆಯಾಗುವದಿಲ್ಲ, ನಿಜ. ಆದರೂ ಒಳ್ಳೆಯ ಮಾಲಕನು ಇದನ್ನು ಅನುಸರಿಸುವದಕ್ಕೆ ವಿಧಾನಸಭೆಯ ಠರಾವು ಬೇಕಿಲ್ಲ. ಬರಹದ ಕರಾರೇ ಇಲ್ಲದೆ, ಪಾವತಿಯೇ ಇಲ್ಲದೆ ಮನೆ ಕೊಡುವ ಕಾರಭಾರಿಗಳು, 2023ರಲ್ಲಿ ಗೃಹಜ್ಯೋತಿಯು ಬಂದಾಗ ಎಷ್ಟು ಸಂಸಾರಗಳನ್ನು ಗೋಳಾಡಿಸಿದರು! 200 ಯೂನಿಟ್ಟಿನವರೆಗಿನ ಉಚಿತ ವಿದ್ಯುತ್ತಿಗೆ ಬಾಡಿಗೆದಾರರೂ ಅರ್ಹರಾಗಿದ್ದರು. ಆದರೆ ತಾವು ಆ ಮನೆಯಲ್ಲಿ ಇರುವೆವೆಂದು ತೋರಿಸಲು ಒಂದು ಕಾಗದ ಬೇಕಾಗಿತ್ತು. ಇನ್ನೂ ಒಂದು ಸಂಗತಿಯನ್ನು ಬಿಡಲಾಗದು. ಮನೆ ಕೇಳಲು ಬಂದವನಿಗೆ ಬಾಗಿಲಲ್ಲಿಯೇ “ನಿಮ್ಮದು ಯಾವ ಜನ?” ಎಂದು ಕೇಳಿ ತಿರುಗಿ ಕಳಿಸುವ ಕಾರಭಾರಿಯು, ಆ ಮಾತನ್ನು ಕೇಳುವದು ಮಾಲಕನ ಹೆಸರಿನಲ್ಲಿ. ಸಭೆಗಳಲ್ಲಿ ಸಮಾನತೆಯ ಭಾಷಣ ಮಾಡುವ ಮಾಲಕರು, ತಮ್ಮ ಮನೆಯ ಬಾಗಿಲಲ್ಲಿ ಏನು ನಡೆಯುತ್ತಿರುವದೆಂದು ಒಮ್ಮೆ ವಿಚಾರಿಸಿಕೊಂಡರೆ ಲೇಸು.

ಹಟ್ಟಿಗೆ ನಾವು ಸೂಚಿಸುವ ಉಪಾಯ ಸರಳವಾಗಿದೆ. ಒಂದೇ ಓಣಿಯಲ್ಲಿ ಮನೆಗಳನ್ನು ಬಿಟ್ಟು ಪರಸ್ಥಳಕ್ಕೆ ಹೋದ ಹತ್ತು ಹದಿನೈದು ಜನ ಮಾಲಕರು ಕೂಡಿ, ಊರಿನ ಒಬ್ಬ ನಿವೃತ್ತ ಗುಮಾಸ್ತನನ್ನೋ, ಲೆಕ್ಕ ಬಲ್ಲ ಹೆಣ್ಣುಮಗಳನ್ನೋ ಸಂಬಳದ ಮೇಲೆ ಇಟ್ಟುಕೊಳ್ಳಲಿ. ಪ್ರತಿ ಮನೆಗೂ ಒಂದು ವಹಿ ಇರಲಿ. ಬಾಡಿಗೆದಾರನು ತನ್ನ ತಕರಾರನ್ನು ತಾನೇ ಅದರಲ್ಲಿ ಬರೆಯಲಿ, ದುರಸ್ತಿಯಾದ ದಿನ ತಾನೇ ರುಜು ಹಾಕಲಿ. ಆ ರುಜು ಇಲ್ಲದೆ ದುರಸ್ತಿಯ ಹಣ ಸಲ್ಲಬಾರದು. ಪಟ್ಟಣ ಪಂಚಾಯತಿಯ ತೆರಿಗೆಯ ರಸೀದಿಯೂ ವಿದ್ಯುತ್ತಿನ ಬಿಲ್ಲೂ ಅದೇ ವಹಿಯಲ್ಲಿ ಅಂಟಿರಲಿ. ಮಾಲಕರು ಜಾತ್ರೆಗೋ ಯುಗಾದಿಗೋ ಊರಿಗೆ ಬರುವವರೇ ಆಗಿದ್ದಾರೆ. ಬಂದಾಗ ಬಾಡಿಗೆದಾರರ ಮನೆಯಲ್ಲಿ ಒಂದು ಬಟ್ಟಲು ಚಹ ಕುಡಿದು, ವಹಿಯನ್ನು ತಿರುವಿಹಾಕಿ, ಮುಂಗಾರು ಹಿಡಿಯುವ ಮೊದಲು ಮಾಳಿಗೆಯನ್ನೊಮ್ಮೆ ಹತ್ತಿ ನೋಡಿ ಹೋಗಲಿ.